ನಡುಗುವ ಕೈ ಬೇಕಿತ್ತು

ಎಲೆಕ್ಟ್ರಾನಿಕ್ ಸಿಟಿಯ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಮೊಬೈಲ್ ಫೋನುಗಳನ್ನು ನಡುಗಿಸುವುದು ನನ್ನ ಕೆಲಸವಾಗಿತ್ತು. ಮದುವೆ ಮನೆಗಳಲ್ಲಿ ಯಾರಾದರೂ ಕೇಳಿದರೆ ‘ಕ್ಯಾಮೆರಾ ಟೆಸ್ಟಿಂಗ್’ ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ. ಬಿಡಿಸಿ ಹೇಳಿದರೆ ನಗುತ್ತಿದ್ದರು. ಈಗ ನಿವೃತ್ತಳಾಗಿ ಚಂದಾಪುರದ ಮನೆಯಲ್ಲಿದ್ದೇನೆ. ಅದೇ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, ‘ಮೇಡಂ, ಅಲ್ಲಿ ನೀವು ಇಷ್ಟು ವರ್ಷ ಏನ್ ಮಾಡ್ತಿದ್ರಿ?’ ಎಂದು ಕೇಳುತ್ತಾರೆ. ಯಂತ್ರದ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆ ಯಂತ್ರಗಳು ಯಾರ ಕೈಗಳಿಂದ ಕಲಿತವು ಎಂಬುದು ಗೊತ್ತಿಲ್ಲ. ಅದನ್ನು ಬರೆದಿಡೋಣ ಎನಿಸಿತು.

ಕ್ಯಾಮೆರಾ ಫೋಟೊ ತೆಗೆಯುವಾಗ ಒಂದು ಕ್ಷಣ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಬಿಸಿಲಿನಲ್ಲಿ ಆ ಕ್ಷಣ ತೀರಾ ಚಿಕ್ಕದು, ಕೈ ಅಲುಗಿದರೂ ತಿಳಿಯುವುದಿಲ್ಲ. ಮಬ್ಬು ಬೆಳಕಿನಲ್ಲಿ ಹೆಚ್ಚು ಹೊತ್ತು ತೆರೆದಿರಬೇಕು. ಅಷ್ಟರೊಳಗೆ ಕೈ ಕದಲಿದರೆ ಚಿತ್ರ ಕಲಸಿಹೋಗುತ್ತದೆ. ಇದಕ್ಕಾಗಿ ಫೋನಿನೊಳಗಿನ ಲೆನ್ಸನ್ನು ಬಿಗಿಯಾಗಿ ಕೂರಿಸದೆ, ಕೂದಲಿನಂಥ ತಂತಿಗಳ ಮೇಲೆ ತೇಲಿಬಿಟ್ಟಿರುತ್ತಾರೆ. ಕೈ ಯಾವ ಕಡೆ ತಿರುಗಿತು ಎಂಬುದನ್ನು ಒಂದು ಸೆನ್ಸರ್ ಹಿಡಿಯುತ್ತದೆ. ಪುಟ್ಟ ಆಯಸ್ಕಾಂತವೂ ಸುರುಳಿಯೂ ಸೇರಿ ಲೆನ್ಸನ್ನು ಸರಿಸಿ, ಚಿತ್ರ ಇದ್ದಲ್ಲೇ ನಿಲ್ಲುವಂತೆ ನೋಡಿಕೊಳ್ಳುತ್ತವೆ.

ಇದನ್ನು ನನಗೆ ಕಲಿಸಿದವರು ನಮ್ಮ ಮುಖ್ಯಸ್ಥರು, ನರಸಿಂಹಮೂರ್ತಿ. ಕಡಿಮೆ ಮಾತಿನ ಮನುಷ್ಯ, ಆಡಿದ್ದು ಖಾರ. ಮೊದಲ ದಿನವೇ ಕೇಳಿದ್ದರು: ‘ಸುಮಿತ್ರಾ ಅವ್ರೇ, ಬಸ್ಸಲ್ಲಿ ನಿಂತ್ಕೊಂಡು ತುಂಬಿದ ಲೋಟ ಹಿಡ್ಕೊಂಡಿದ್ದೀರಾ? ಬಸ್ ಒಂದು ಕಡೆ ವಾಲಿದ್ರೆ ಕೈ ಇನ್ನೊಂದು ಕಡೆ ಹೋಗುತ್ತೆ. ನೀವು ಯೋಚ್ನೆ ಮಾಡಿ ಮಾಡಲ್ಲ, ಅದಾಗೇ ಹೋಗುತ್ತೆ. ಈ ಲೆನ್ಸಿಗೂ ಅದನ್ನೇ ಹೇಳ್ಕೊಡ್ಬೇಕು, ಅಷ್ಟೇ ನಮ್ ಕೆಲಸ.’

ಹೇಳಿದಷ್ಟು ಸುಲಭವಿರಲಿಲ್ಲ. ಸೇರಿದ ಹೊಸತರಲ್ಲಿ ಫೋನನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು ಬೆಳಗಿನಿಂದ ಮಧ್ಯಾಹ್ನದವರೆಗೆ ಫೋಟೊ ತೆಗೆದೆ. ಒಂದೂ ಚೊಕ್ಕವಾಗಿ ಬಂದಿರಲಿಲ್ಲ. ನಡುಕ ಸರಿದೂಗಿಸುವ ವ್ಯವಸ್ಥೆಯನ್ನು ಆಫ್ ಮಾಡುವುದು ಮರೆತಿದ್ದೆ. ಫೋನು ಬಂಡೆಯಂತೆ ನಿಂತಿದ್ದರೂ ಲೆನ್ಸು ಮಾತ್ರ ಇಲ್ಲದ ನಡುಕವನ್ನು ಹುಡುಕಿಕೊಂಡು ಒಳಗೇ ಅಲೆದಾಡಿತ್ತು. ನರಸಿಂಹಮೂರ್ತಿ ಫೋಟೊಗಳನ್ನು ನೋಡಿ ಬೈಯಲಿಲ್ಲ. ‘ಅಲ್ಲಾಡಿದ್ದು ಯಾರು?’ ಎಂದರು. ಅದು ಅವರ ಖಾಯಂ ಪ್ರಶ್ನೆ. ಯಾವುದೇ ಮಸುಕಾದ ಫೋಟೊ ಕಂಡರೂ ಮೊದಲು ಹಿಂದಿನ ಗೋಡೆ ನೋಡಿ ಎನ್ನುತ್ತಿದ್ದರು. ಗೋಡೆಯೂ ಮುಖವೂ ಒಂದೇ ಕಡೆಗೆ ಎಳೆದಂತಿದ್ದರೆ ಅಲ್ಲಾಡಿದ್ದು ಕ್ಯಾಮೆರಾ. ಗೋಡೆ ಸ್ಪಷ್ಟವಾಗಿದ್ದು ಮುಖ ಮಾತ್ರ ಕಲಸಿದ್ದರೆ ಅಲ್ಲಾಡಿದ್ದು ಎದುರಿನ ಮನುಷ್ಯ. ನಮ್ಮ ಲೆನ್ಸು ಫೋಟೊ ತೆಗೆಯುವವನ ನಡುಕಕ್ಕೆ ಔಷಧಿಯೇ ಹೊರತು ಎದುರಿಗಿರುವವನ ನಡುಕಕ್ಕಲ್ಲ.

ಅಮರೇಶ ನಮ್ಮಲ್ಲಿಗೆ ಬಂದದ್ದು ಪಾರ್ಕಿಂಗಿನ ನೆಲದ ಮೇಲೆ ಅಂಕಿ ಬರೆಯಲು. ರಾಯಚೂರು ಕಡೆಯವನು. ಊರಿನಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದನಂತೆ. ಫ್ಲೆಕ್ಸ್ ಬಂದ ಮೇಲೆ ಬರೆಸುವವರು ಇಲ್ಲವಾಗಿ, ತಮ್ಮ ದುರುಗೇಶನ ಜೊತೆ ಬೆಂಗಳೂರಿಗೆ ಬಂದಿದ್ದ. ದುರುಗೇಶ ವರ್ತೂರಿನ ಬಳಿ ಏಳುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಕಟ್ಟಡ ಕೆಲಸಕ್ಕೆ ಸೇರಿ ಅಲ್ಲೇ ಶೆಡ್ಡಿನಲ್ಲಿರುತ್ತಿದ್ದ. ಭಾನುವಾರ ಮಾತ್ರ ಚಂದಾಪುರದಲ್ಲಿ ಅಣ್ಣ ಹಿಡಿದಿದ್ದ ಬಾಡಿಗೆ ರೂಮಿಗೆ ಬರುತ್ತಿದ್ದ.

ಅಮರೇಶ ಪಟ್ಟಿ, ದಾರ ಏನೂ ಇಲ್ಲದೆ ಬರೀ ಬ್ರಷ್ಷಿನಲ್ಲಿ ಉದ್ದದ ಗೆರೆ ಎಳೆಯುತ್ತಿದ್ದುದನ್ನು ನರಸಿಂಹಮೂರ್ತಿ ಕಾರಿನಿಂದ ಇಳಿದವರೇ ನಿಂತು ನೋಡಿದರು. ಒಳಗೆ ಕರೆದು ಕೈಗೆ ಫೋನು ಕೊಟ್ಟು ಫೋಟೊ ತೆಗೆಸಿದರು. ಕೈಯ ನಡುಕವನ್ನು ನಾವು ಪರದೆಯ ಮೇಲೆ ಗೆರೆಯಾಗಿ ನೋಡುತ್ತಿದ್ದೆವು. ಎಲ್ಲರ ಗೆರೆಯೂ ಮುಳ್ಳುಮುಳ್ಳಾಗಿರುತ್ತಿತ್ತು. ಅಮರೇಶನದು ಹೆಚ್ಚುಕಡಿಮೆ ನೇರ. ‘ಉಸಿರಾಡ್ತಿದ್ದೀಯೇನಯ್ಯಾ?’ ಎಂದು ನರಸಿಂಹಮೂರ್ತಿ ಕೇಳಿದರು. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅಪರೂಪ.

ಹಾಗೆ ಅವನು ಕಾಂಟ್ರಾಕ್ಟಿನ ಮೇಲೆ ನಮ್ಮವನಾದ. ಹೊಸ ಕ್ಯಾಮೆರಾ ಬಂದಾಗಲೆಲ್ಲ ಮಬ್ಬು ಬೆಳಕಿನಲ್ಲಿ, ಮೆಟ್ಟಿಲ ಮೇಲೆ, ಒಂದೇ ಕೈಯಲ್ಲಿ ಹಿಡಿದು ಫೋಟೊ ತೆಗೆಯುವುದು ಅವನ ಕೆಲಸ. ಎಲ್ಲವೂ ಚೊಕ್ಕ. ಒಂದು ಮಾಡೆಲನ್ನು ಅವನು ತೆಗೆದ ಫೋಟೊಗಳನ್ನು ನೋಡಿಯೇ ಪಾಸು ಮಾಡಿದೆವು. ಮಾರುಕಟ್ಟೆಗೆ ಹೋದ ಮೇಲೆ ದೂರುಗಳು ಶುರುವಾದವು. ಮನೆಯೊಳಗೆ ತೆಗೆದದ್ದೆಲ್ಲ ಮಸುಕು, ಮಕ್ಕಳ ಹುಟ್ಟುಹಬ್ಬದ ಫೋಟೊ ಒಂದೂ ಸರಿಯಿಲ್ಲ. ಲ್ಯಾಬಿನ ಫೋಟೊಗಳನ್ನು ಮತ್ತೆ ಮತ್ತೆ ತಿರುವಿಹಾಕಿದೆವು. ಒಂದು ಮಧ್ಯಾಹ್ನ ನರಸಿಂಹಮೂರ್ತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: ‘ತಪ್ಪು ಕ್ಯಾಮೆರಾದ್ದಲ್ಲ ಕಣ್ರೀ. ನಾವು ಆರಿಸಿದ ಕೈಯದು. ಈ ಕೈಗೆ ಯಾವ ಕ್ಯಾಮೆರಾ ಕೊಟ್ರೂ ಪಾಸಾಗುತ್ತೆ. ನಮಗೆ ನಡುಗೋ ಕೈ ಬೇಕು.’

ಅಮರೇಶ ಅಲ್ಲೇ ಬಾಗಿಲ ಬಳಿ ನಿಂತಿದ್ದ. ಅವನ ಮುಖ ನಾನು ಗಮನಿಸಲಿಲ್ಲ.

ಅಂದಿನಿಂದ ನಮ್ಮ ಲ್ಯಾಬಿಗೆ ಥರಾವರಿ ಜನ ಬರತೊಡಗಿದರು. ಡ್ರೈವರುಗಳು, ಕ್ಯಾಂಟೀನಿನವರು, ನಿವೃತ್ತ ಮೇಷ್ಟರು. ನಮ್ಮ ಬೀದಿಯ ಮುನಿಯಮ್ಮನನ್ನು ನಾನೇ ಕರೆತಂದೆ. ಹಿಂದೆ ಹೊಲವಿದ್ದಲ್ಲಿ ಈಗ ಬಾಡಿಗೆ ಮನೆಗಳ ಸಾಲು ಕಟ್ಟಿಸಿದ ಮನೆತನ ಅವರದು. ಫೋನನ್ನು ಎರಡೂ ಕೈಯಲ್ಲಿ ಆರತಿ ತಟ್ಟೆಯಂತೆ ಹಿಡಿದು, ‘ಇಂಗೆ ಇಡ್ಕಂಡ್ರೆ ಆಯ್ತದೇನವ್ವಾ? ಕೈ ಒಸಿ ಅದುರ್ತದೆ, ಬೈಬ್ಯಾಡ’ ಎಂದರು. ‘ಅದುರಲಿ ಅಂತಲೇ ಕರೆದದ್ದು’ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಎಲ್ಲರೂ ಹಾಗೆಯೇ ಕೈ ನಡುಗುತ್ತದೆಂದು ನಾಚಿಕೊಂಡೇ ಬರುತ್ತಿದ್ದರು. ಆ ನಾಚಿಕೆ ಬಿಡಿಸಿ ಅವರು ಮನೆಯಲ್ಲಿ ಹಿಡಿದಂತೆಯೇ ಹಿಡಿಯುವ ಹಾಗೆ ಮಾಡುವುದು ಯಂತ್ರ ನಡೆಸುವುದಕ್ಕಿಂತ ಕಷ್ಟ.

ಆ ದಿನಗಳಲ್ಲಿ ಅಮರೇಶನ ಗೆರೆಯೂ ಬದಲಾಯಿತು. ನೇರವಾಗಿದ್ದದ್ದು ಏಳತೊಡಗಿತು, ಇಳಿಯತೊಡಗಿತು. ಹುಷಾರಿಲ್ಲವೇನೋ ಎಂದು ನನಗೆ ಮೊದಲು ಹೆದರಿಕೆಯಾಯಿತು. ಆಮೇಲೆ ಸರಿಯಾಗಿ ನೋಡಿದೆ. ನಿಜವಾದ ಕೈನಡುಕ ಸಣ್ಣದು, ಚುರುಕು, ಒಂದರಂತೆ ಇನ್ನೊಂದಿರುವುದಿಲ್ಲ. ಇದು ಕೆರೆಯ ಅಲೆಯಂತೆ ನಿಧಾನವಾಗಿ, ಒಂದೇ ಸಮನೆ ತೂಗುತ್ತಿತ್ತು. ಇನ್ನೊಂದು ವಿಚಿತ್ರವೆಂದರೆ, ಫೋಟೊಗಳು ಮಾತ್ರ ಎಂದಿನಂತೆ ಚೊಕ್ಕ. ಬಟನ್ ಒತ್ತುವ ಆ ಕ್ಷಣಕ್ಕೆ ಗೆರೆ ತಟ್ಟನೆ ನೇರವಾಗಿಬಿಡುತ್ತಿತ್ತು. ಬ್ರಷ್ಷು ಗೋಡೆ ಮುಟ್ಟುವ ಹೊತ್ತಿಗೆ ಕೈ ನಿಲ್ಲಿಸುವುದು ಅವನಿಗೆ ರಕ್ತದಲ್ಲೇ ಇಳಿದಿತ್ತು. ಬೇಕೆಂದೇ ನಡುಗಿಸುತ್ತಿದ್ದ, ಆದರೆ ಕೆಡಿಸಲು ಅವನಿಗೆ ಬರುತ್ತಿರಲಿಲ್ಲ.

ನಾನು ನರಸಿಂಹಮೂರ್ತಿಯವರಿಗೆ ಹೇಳುವ ಮೊದಲೇ ಅವರು ನೋಡಿದ್ದರು. ಅವನನ್ನು ಕರೆಸಿದರು. ನಾನೂ ಅಲ್ಲಿದ್ದೆ.

‘ಯಾಕಯ್ಯಾ ಕೈ ಆಡಿಸ್ತಿದ್ದೀಯ?’

ಅಮರೇಶ ತಲೆ ತಗ್ಗಿಸಿದ. ‘ನಡುಗೋ ಕೈ ಬೇಕಂತ ನೀವಾ ಹೇಳಿದ್ರಲ್ರೀ ಸಾರ್.’

‘ನಿನ್ನ ಕೈ ನಡುಗಲ್ಲ.’

‘ನಡುಗಲಿಲ್ಲಂದ್ರ ಕೆಲಸದಿಂದ ತೆಗೀತೀರಿ. ಊರಾಗ ಬೋರ್ಡ್ ಬರೆಸೋರು ಯಾರೂ ಉಳಿದಿಲ್ರಿ. ಕೈ ನೆಟ್ಟಗಿದ್ರೂ ಅಲ್ಲಿ ಕೆಲಸ ಹೋತು, ನೆಟ್ಟಗಿದ್ದದ್ದಕ್ಕ ಇಲ್ಲೂ ಹೋಗಾಕತ್ತೈತಿ.’

ನರಸಿಂಹಮೂರ್ತಿ ಪರದೆಯ ಮೇಲಿನ ಗೆರೆಯನ್ನು ಮತ್ತೊಮ್ಮೆ ನೋಡಿದರು. ಆಮೇಲೆ, ‘ಇವತ್ತಿಂದ ನೀನು ಫೋಟೊ ತೆಗೀಬೇಡ’ ಎಂದರು. ಅವನು ಇನ್ನೂ ಕುಗ್ಗಿದ. ‘ಬರೋ ಜನದ ಪಕ್ಕ ಕೂತ್ಕೊ. ಹೆದರ್ಕೊಂಡು ಬರ್ತಾರೆ. ಅವರ ಹೆದರಿಕೆ ಹೋಗೋ ತನಕ ಮಾತಾಡ್ಸು. ಸುಮಿತ್ರಾ ಅವ್ರಿಗೆ ಅದು ಬರಲ್ಲ, ನನಗಂತೂ ಬರೋದೇ ಇಲ್ಲ.’

ಅದು ನಿಜವಿತ್ತು. ಅಮರೇಶ ಪಕ್ಕದಲ್ಲಿ ಕೂತರೆ ಮುನಿಯಮ್ಮ ತಮ್ಮ ಸೊಸೆಯ ಕಥೆ ಹೇಳಿಕೊಂಡು ಕೈಯ ಚಿಂತೆಯನ್ನೇ ಮರೆತುಬಿಡುತ್ತಿದ್ದರು. ಆ ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮಲ್ಲಿ ನೂರಾರು ಕೈಗಳ ನಡುಕ ಸೇರಿತ್ತು. ಅದನ್ನು ನಡುಗುವ ಮೇಜಿಗೆ ಉಣಿಸುತ್ತಿದ್ದೆವು. ಆ ಮೇಜಿನ ಮೇಲೆ ಫೋನು ಬಿಗಿದರೆ, ಯಾರ ನಡುಕ ಕೊಟ್ಟೆವೋ ಅವರ ಕೈಯಲ್ಲಿದ್ದಂತೆಯೇ ಅದುರುತ್ತಿತ್ತು.

ಅಮರೇಶನ ತಮ್ಮ ದುರುಗೇಶ ಬಿದ್ದದ್ದು ಅದರ ಮರುವರ್ಷ. ಕಟ್ಟಡದ ಸುತ್ತ ಕಟ್ಟಿದ್ದ ಸಾರುವೆಯ ಮೇಲಿಂದ ಜಾರಿ ಬಿದ್ದನೆಂದು ಸುದ್ದಿ ಬಂದಾಗ ಅಮರೇಶ ಲ್ಯಾಬಿನಲ್ಲೇ ಇದ್ದ. ನಾನೂ ಅವನೂ ಆಟೊದಲ್ಲಿ ಆಸ್ಪತ್ರೆಗೆ ಹೊರಟೆವು. ಅವನನ್ನು ಬಾಗಿಲಲ್ಲಿ ಬಿಟ್ಟು, ರಕ್ತದ ಏರ್ಪಾಡಿಗೆ ನಾನು ಬೇರೆಡೆ ಓಡಬೇಕಾಯಿತು. ತಿರುಗಿ ಬರುವಷ್ಟರಲ್ಲಿ ದುರುಗೇಶನನ್ನು ಆಪರೇಷನ್ ಥಿಯೇಟರಿನೊಳಗೆ ಕರೆದೊಯ್ದಿದ್ದರು. ಅವನು ಬದುಕಿ ಹೊರಗೆ ಬರಲಿಲ್ಲ. ಊರಿನಿಂದ ಹೊರಟಿದ್ದ ತಾಯಿ ಇನ್ನೂ ದಾರಿಯಲ್ಲಿದ್ದರು.

ಊರಿನಲ್ಲಿ ಮಣ್ಣು ಮಾಡಿ, ಕಾರ್ಯಗಳನ್ನೆಲ್ಲ ಮುಗಿಸಿ ಅಮರೇಶ ಕೆಲಸಕ್ಕೆ ಮರಳಿದ. ಯಾರೊಡನೆಯೂ ಮಾತಿಲ್ಲ. ಒಂದು ಬೆಳಿಗ್ಗೆ ನನ್ನ ಕುರ್ಚಿಯ ಪಕ್ಕ ಬಂದು ನಿಂತು ತನ್ನ ಫೋನನ್ನು ಚಾಚಿದ. ಹಳೆಯ ಫೋನು, ನಡುಕ ಸರಿದೂಗಿಸುವ ಏರ್ಪಾಡೇನೂ ಇಲ್ಲದ್ದು.

‘ಅಕ್ಕಾರ, ಇವನ್ನ ನೋಡ್ರಿ.’

ಮೂರು ಫೋಟೊಗಳಿದ್ದವು. ಸ್ಟ್ರೆಚರಿನ ಮೇಲೆ ಮಲಗಿದ ಒಬ್ಬ ಹುಡುಗ. ಮುಖವಿರುವ ಕಡೆ ಎಳೆದು ಸವರಿದಂಥ ಕಂದು ಬಣ್ಣ, ಕಣ್ಣಿರುವ ಕಡೆ ಎರಡು ಕಪ್ಪು ಗೆರೆ.

‘ಒಳಗ ಕರಕೊಂಡು ಹೋಗೋಕಿಂತ ಮೊದಲ ಎಚ್ಚರಾಗಿತ್ರಿ ಅವನಿಗೆ. ಅವ್ವ ಬಸ್ಸಿನಾಗ ಅಳಾಕತ್ಯಾಳಂತ ಹೇಳಿದೆ. ಅದಕ್ಕ ಅಂದ, ಅಣ್ಣಾ, ನಂದೊಂದು ಫೋಟೊ ಹೊಡಿ, ಅವ್ವಗ ಕಳಿಸು, ಅರಾಮ ಅದಾನ ಅಂತ ಹೇಳು ಅಂದ. ನಕ್ಕಿದ್ನರಿ ಅಕ್ಕಾರ. ನಾ ಮೂರು ಹೊಡದೆ. ಮೂರೂ ಹಿಂಗ ಆಗ್ಯಾವ. ಅವ್ವಗ ಕಳಿಸಲಿಲ್ಲ. ಇವನ್ನ ಸರಿ ಮಾಡಾಕ ಬರ್ತೈತೇನ್ರಿ?’

ನಮ್ಮಲ್ಲಿದ್ದ ಎಲ್ಲ ಸಾಫ್ಟ್‌ವೇರಿನಲ್ಲೂ ಹಾಕಿ ನೋಡಿದೆ. ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಹರಿತ ಮಾಡಿದಷ್ಟೂ ಅದು ದುರುಗೇಶನದಲ್ಲದ ಯಾವುದೋ ಮುಖವಾಗುತ್ತಿತ್ತು. ಫೋಟೊ ತೆಗೆಯುವ ಕ್ಷಣದಲ್ಲಿ ಹಿಡಿಯದೇ ಹೋದದ್ದು ಆಮೇಲೆ ಸಿಕ್ಕುವುದು ಬಹಳ ಕಡಿಮೆ. ಆಗುವುದಿಲ್ಲ ಎಂದು ಅವನಿಗೆ ಹೇಳಿದೆ. ಅವನು ಅದನ್ನು ನಿರೀಕ್ಷಿಸಿಯೇ ಇದ್ದನೆಂದು ಕಾಣುತ್ತದೆ, ತಲೆಯಾಡಿಸಿದ. ಹೋಗಲಿಲ್ಲ, ಅಲ್ಲೇ ನಿಂತಿದ್ದ.

‘ಇನ್ನೊಂದು ಕೇಳ್ತೀನ್ರಿ. ಸುಳ್ಳು ಹೇಳಬ್ಯಾಡ್ರಿ. ಅಲ್ಲಾಡಿದ್ದು ಯಾರು? ನಾನೋ, ಅವನೋ?’

ಆ ಪ್ರಶ್ನೆಯನ್ನು ಅಷ್ಟು ವರ್ಷಗಳಲ್ಲಿ ಎಷ್ಟು ಸಲ ಕೇಳಿಸಿಕೊಂಡಿದ್ದೆನೋ. ಆ ದಿನ ಉತ್ತರ ಫೋಟೊದಲ್ಲೇ ಕಾಣುತ್ತಿತ್ತು. ಅವನ ಕೈಯೇ ನಡುಗಿತ್ತು ಎಂದರೆ, ಇಡೀ ಲ್ಯಾಬಿನಲ್ಲೇ ಗಟ್ಟಿಯಾದ ಆ ಕೈ ಬೇಕಾದ ಹೊತ್ತಿಗೆ ಒದಗಲಿಲ್ಲ ಎಂದು ಅವನು ಬದುಕಿರುವವರೆಗೂ ಕೊರಗುತ್ತಾನೆ. ಹುಡುಗನೇ ಕದಲಿದ್ದ ಎಂದುಬಿಡಲೇ ಅನ್ನಿಸಿತು. ಆದರೆ ಅವನು ಸುಳ್ಳು ಬೇಡವೆಂದಿದ್ದ. ಫೋಟೊವನ್ನು ದೊಡ್ಡದು ಮಾಡಿ ಮುಖದ ಹಿಂದಿನ ಗೋಡೆಯ ಟೈಲ್ಸ್ ತೋರಿಸಿದೆ. ಟೈಲ್ಸಿನ ಅಂಚುಗಳು, ಸ್ಟ್ರೆಚರಿನ ಕಂಬಿ, ದುರುಗೇಶನ ಮುಖ, ಎಲ್ಲವೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಎಳೆದುಕೊಂಡಿದ್ದವು.

‘ನಿನ್ನ ಕೈ ಅಮರೇಶ. ಮೂರರಲ್ಲೂ ನಿನ್ನ ಕೈಯೇ. ಅವನು ಅಲ್ಲಾಡಿಲ್ಲ.’

‘ಖರೇನಾ?’

‘ನೀನೇ ನೋಡು.’

ಅವನು ಪರದೆಯ ಹತ್ತಿರ ಬಗ್ಗಿ ಒಂದೊಂದೇ ಟೈಲನ್ನು ನೋಡಿದ. ಆಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಾನು ಹೆದರಿದೆ. ಕೈಗಳ ಸಂದಿಯಿಂದ ಅವನ ಮಾತು ಕೇಳಿಸಿತು. ‘ನೋವು ತಾಳಲಾರದ ಒದ್ದಾಡ್ತಿದ್ದ, ನನ್ನ ಮುಂದ ಸುಳ್ಳ ನಕ್ಕ ಅಂತ ತಿಳಿದಿದ್ದೆ ಅಕ್ಕಾರ. ದಿನಾ ಅದಾ ತಲಿಯಾಗ. ಸುಮ್ಮನ ಮಲಗಿದ್ದ ಅಲ್ರೀ? ಸುಮ್ಮನ ಮಲಗಿದ್ದ.’

ಒಂದು ಮಸುಕು ಫೋಟೊದಿಂದ ನೋವಿನ ಲೆಕ್ಕ ಹೇಳಲು ಆಗುವುದಿಲ್ಲ, ಅದು ನನಗೆ ಗೊತ್ತು. ಆದರೆ ಆ ಫೋಟೊ ಎಷ್ಟು ಹೇಳುತ್ತಿತ್ತೋ ಅಷ್ಟು ನಿಜ. ‘ಹೌದು, ಸುಮ್ಮನೆ ಮಲಗಿದ್ದ’ ಎಂದೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದೇನಾದರೂ ಇದ್ದರೆ ಇದು: ಕಂಡದ್ದನ್ನು ಮರೆಮಾಚಬೇಡಿ. ಯಾರಿಗೆ ಯಾವ ನಿಜ ಆಸರೆಯಾಗುತ್ತದೆ ಎಂಬುದು ನಮಗೆ ಮುಂಚೆಯೇ ತಿಳಿದಿರುವುದಿಲ್ಲ.

ಅದೇ ದಿನ ಸಂಜೆ ಅವನು ತಾನಾಗಿ ಬಂದು, ‘ನನ್ನ ಕೈ ಮತ್ತೊಮ್ಮೆ ತಗೋರಿ’ ಎಂದ. ಫೋನು ಕೊಟ್ಟೆ. ಪರದೆಯ ಮೇಲೆ ಗೆರೆ ಮುಳ್ಳುಮುಳ್ಳಾಗಿ ಮೂಡಿತು. ಮುನಿಯಮ್ಮನ ಕೈಯೂ ಅಷ್ಟು ಅದುರುತ್ತಿರಲಿಲ್ಲ. ನಿದ್ದೆಗೆಟ್ಟ, ಊಟ ಬಿಟ್ಟ ಕೈ. ಬಟನ್ ಒತ್ತುವ ಕ್ಷಣದಲ್ಲೂ ಅದು ನಿಲ್ಲಲಿಲ್ಲ.

ನರಸಿಂಹಮೂರ್ತಿ ನೋಡಿ, ‘ಇದು ಬೇಡ, ಅಳಿಸಿಬಿಡಿ. ಅವನ ದುಃಖ ನಮಗೆ ಸಾಮಾನಲ್ಲ’ ಎಂದರು.

‘ಇರಲಿ ಸಾರ್’ ಎಂದ ಅಮರೇಶ. ‘ಹುಟ್ಟುಹಬ್ಬಕ್ಕ ಅಷ್ಟಾ ಫೋಟೊ ಹೊಡೀತಾರೇನ್ರಿ ಮಂದಿ? ಇಂಥಾ ದಿನಾನೂ ಹೊಡೀಬೇಕಾಗ್ತೈತಿ. ಆಗ ಯಾರ ಕೈಯೂ ನೆಟ್ಟಗಿರೂದಿಲ್ಲ. ಅವರದಾದ್ರೂ ಚಲೋ ಬರ್ಲಿ.’

ನರಸಿಂಹಮೂರ್ತಿ ಆ ಗೆರೆಯ ಪ್ರತಿ ತೆಗೆದುಕೊಂಡು ಹೊರಟರು. ಮರುದಿನ ವಿನ್ಯಾಸ ಮಾಡುವವರ ಜೊತೆ ಅವರು ಜಗಳವಾಡಿದ್ದು ಗಾಜಿನ ಬಾಗಿಲಾಚೆಗೂ ಕೇಳುತ್ತಿತ್ತು. ಅಮರೇಶನ ಆ ನಡುಕವನ್ನು ಕೊಟ್ಟಾಗ ನಮ್ಮ ಲೆನ್ಸು ಸರಿಯಲು ಜಾಗ ಸಾಲದೆ ಅಂಚಿಗೆ ಬಡಿದು ನಿಲ್ಲುತ್ತಿತ್ತು. ಜಾಗ ಹೆಚ್ಚಿಸಿದರೆ ಫೋನು ದಪ್ಪವಾಗುತ್ತದೆ ಎಂದು ಅವರ ವಾದ. ‘ಆಗ್ಲಿ ಬಿಡ್ರೀ ದಪ್ಪ’ ಎಂದು ಇವರದು. ಕೊನೆಗೆ ಇಬ್ಬರೂ ಅಷ್ಟಿಷ್ಟು ಸೋತರು. ಲೆನ್ಸಿಗೆ ಸ್ವಲ್ಪ ಜಾಗ ಸಿಕ್ಕಿತು. ಉಳಿದದ್ದಕ್ಕೆ, ಬೇಗ ಬೇಗ ಹಲವು ಫೋಟೊ ತೆಗೆದು ಒಂದರ ಮೇಲೊಂದು ಹೊಂದಿಸುವ ಹೊಸ ವಿಧಾನ ಸೇರಿತು. ಈಗ ಎಲ್ಲರೂ ಆ ದಾರಿಯನ್ನೇ ಹಿಡಿದಿದ್ದಾರೆ.

ಹೊಸ ಕ್ಯಾಮೆರಾ ಸಿದ್ಧವಾಗುವಷ್ಟರಲ್ಲಿ ತಿಂಗಳುಗಳೇ ಕಳೆದವು. ಪರೀಕ್ಷೆಯ ದಿನ ಮೇಜಿಗೆ ಅಮರೇಶನ ನಡುಕವನ್ನೇ ಕೊಟ್ಟೆ. ಫೋನು ಅದುರತೊಡಗಿತು. ಅವನು ಪಕ್ಕದಲ್ಲಿ ನಿಂತು ನೋಡುತ್ತಿದ್ದ.

‘ಇದು ನಾನೇನ್ರಿ?’

‘ನೀನೇ.’

ಎದುರಿಗೆ ಅಕ್ಷರಗಳ ಚಾರ್ಟು ತೂಗುಹಾಕಿದ್ದೆವು. ದೀಪ ತಗ್ಗಿಸಿ ಫೋಟೊ ತೆಗೆದೆ. ಕೆಳಸಾಲಿನ ಅಕ್ಷರಗಳೂ ಓದುವಂತೆ ಬಂದಿದ್ದವು. ನಾನು ಮುಂದಿನ ಪರೀಕ್ಷೆಗೆ ಸಿದ್ಧವಾಗುತ್ತಿದ್ದಾಗ ನರಸಿಂಹಮೂರ್ತಿ ಚಾರ್ಟನ್ನು ತೆಗೆದು, ಅಲ್ಲೊಂದು ಸ್ಟೂಲು ಎಳೆದು ಹಾಕಿದರು. ‘ಅಕ್ಷರ ಸಾಕು. ಕೂತ್ಕೊ ಬಾರಯ್ಯಾ.’

ಅಮರೇಶ ಅಂಗಿಯ ಕಾಲರು ಸರಿಮಾಡಿಕೊಂಡು ಕೂತ. ಅವನದೇ ನಡುಕದಲ್ಲಿ ಅದುರುತ್ತಿದ್ದ ಫೋನು ಅವನ ಫೋಟೊ ತೆಗೆಯಿತು. ನಮ್ಮ ಲ್ಯಾಬಿನಿಂದ ಒಂದು ಚಿತ್ರವೂ ಹೊರಗೆ ಹೋಗಕೂಡದೆಂಬ ನಿಯಮವಿತ್ತು. ಅದನ್ನು ಮಾಡಿದವರೂ ನರಸಿಂಹಮೂರ್ತಿಯವರೇ. ಅವರೇ ಆ ಫೋಟೊವನ್ನು ಅಮರೇಶನ ಫೋನಿಗೆ ಹಾಕಿಕೊಟ್ಟು, ‘ನಿಮ್ಮಮ್ಮನಿಗೆ ಕಳಿಸು’ ಎಂದರು.

ಕಳಿಸಿದ. ಊರಿನಲ್ಲಿ ತಾಯಿಗೆ ಯಾರೋ ಫೋನು ತೆರೆದು ತೋರಿಸಿರಬೇಕು. ಸ್ವಲ್ಪ ಹೊತ್ತಿಗೆ ಕರೆ ಬಂತು. ಕಣ್ಣೊರೆಸಿಕೊಂಡು ಕೈಗಳು ಒದ್ದೆಯಾಗಿದ್ದವೋ ಏನೋ, ಅವನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ಮುದುಕಿಯ ದನಿ ನೆಲಮಾಳಿಗೆಯಲ್ಲೆಲ್ಲ ಕೇಳಿತು.

‘ಅಮರಾ, ಕಣ್ಣ ಯಾಕ ಕೆಂಪಗಾಗ್ಯಾವೋ? ರಾತ್ರಿ ಮಕ್ಕೋವಲ್ಲಿ ಏನು?’

ಅವನು ನಮ್ಮಿಬ್ಬರ ಕಡೆ ನೋಡಿದ. ನರಸಿಂಹಮೂರ್ತಿ ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನಾನು ಮೇಜನ್ನು ನಿಲ್ಲಿಸಿದೆ.

‘ಮಕ್ಕೋತೀನಬೇ’ ಎಂದ ಅಮರೇಶ. ‘ಇವತ್ತ ಮಕ್ಕೋತೀನಿ.’